ಚೆನ್ನಮ್ಮ ಹೇಳಿದ್ದು

ಬ್ರದರ್ ವೇನ್ ಒಂದು ಮಾತು ಮುಗಿಸಿ, ಕನ್ನಡಕ್ಕೆ ಜಾಗ ಬಿಟ್ಟು, ಪರದೆಯ ಮೇಲೆ ನಗುತ್ತ ನಿಂತರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಈ ಲೋಕವನ್ನು ಗುಟ್ಟಾಗಿ ಆಳುವ ಕೂಟವೊಂದಿದೆ, ಬ್ಯಾಂಕು ಆಸ್ಪತ್ರೆ ಪತ್ರಿಕೆ ಎಲ್ಲ ಅದರ ಕೈಯಲ್ಲಿವೆ, ಅದನ್ನು ಬುಡಸಮೇತ ಕಡಿಯಲು ದೇವರು ಅಮೆರಿಕವೆಂಬ ಕೊಡಲಿಯನ್ನು ಎತ್ತಿ ಹಿಡಿದಿದ್ದಾನೆ. ಹಾಲಿನಲ್ಲಿ ಕುಳಿತ ಮೂವತ್ತು ಚಿಲ್ಲರೆ ಮಂದಿ ಆಶಾಲತಾಳ ಮುಖ ನೋಡಿದರು. ಆಶಾಲತಾ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡಳು. "ಈ ಲೋಕದಲ್ಲಿ ಕಣ್ಣಿಗೆ ಕಾಣದ ಕೆಡುಕು ತುಂಬಾ ಇದೆ. ಅದರ ಬೇರು ನಮ್ಮ ಹೃದಯದಲ್ಲೂ ಇರಬಹುದು. ಕರ್ತನು ಅದನ್ನು ಕಿತ್ತುಹಾಕಲಿ," ಎಂದಳು.

ಎಲ್ಲರೂ ಆಮೆನ್ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಎಂದವಳು ಮುಂದಿನ ಸಾಲಿನ ಚೆನ್ನಮ್ಮ. ಅದು ಅಷ್ಟು ದೂರದ ಅಮೆರಿಕದಲ್ಲೂ ಕೇಳಿಸಿ, ತಮ್ಮ ಕೊಡಲಿಗೆ ಇಷ್ಟು ಒಪ್ಪಿಗೆ ಸಿಕ್ಕಿತೆಂದು ಬ್ರದರ್ ವೇನ್ ಹುರುಪಿನಿಂದ ಮುಂದಿನ ಮಾತಿಗೆ ಹೊರಟರು.

ಹೊರಗಿನಿಂದ ಪ್ರಸಂಗಿಗಳು ಬಂದಾಗ ಪಕ್ಕದಲ್ಲೊಬ್ಬರು ನಿಂತು ಮಾತಿಗೆ ಮಾತು ಕನ್ನಡ ಮಾಡುವುದು ಕರಾವಳಿಯ ಪ್ರಾಟೆಸ್ಟೆಂಟ್ ಸಭೆಗಳ ಹಳೆಯ ರೂಢಿ. ಆಶಾಲತಾಳ ತಂದೆ ಮುಲ್ಕಿ ಕಡೆ ಸಭಾಪಾಲಕರಾಗಿದ್ದವರು. ಜರ್ಮನಿಯಿಂದ ಬಂದ ಅತಿಥಿಯೊಬ್ಬರು ಸಭೆಯವರ ಸೋಮಾರಿತನವನ್ನು ಬಾಯ್ತುಂಬ ಬೈದಾಗ ಆ ತಂದೆ ಅದನ್ನು "ನಿಮ್ಮ ತಾಳ್ಮೆಯನ್ನು ಕಂಡು ಇವರಿಗೆ ಆಶ್ಚರ್ಯವಾಗಿದೆ" ಎಂದು ಕನ್ನಡ ಮಾಡಿದ್ದರಂತೆ. ಅತಿಥಿಯ ಮರ್ಯಾದೆಯೂ ಉಳಿಯಿತು, ಸಭೆಯ ಮನಸ್ಸೂ ನೋಯಲಿಲ್ಲ. ಮಗಳು ಆ ವಿದ್ಯೆಯನ್ನು ತಂದೆಯಿಂದಲೇ ಕಲಿತಿದ್ದಳು. ಅದನ್ನು ಅವಳು ಸುಳ್ಳು ಎಂದುಕೊಂಡವಳಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸುವುದು ಸುಳ್ಳೇನು ಎಂಬುದು ಅವಳ ಲೆಕ್ಕ.

ಆದರೆ ಬ್ರದರ್ ವೇನ್ ಅವರ ಸಾರಿನಲ್ಲಿ ಉಪ್ಪಿಗಿಂತ ಬೇರೆ ಏನೋ ಇತ್ತು. ಅಮೆರಿಕದ ಯಾವುದೋ ಜೋಳದ ಹೊಲಗಳ ನಡುವಿನ ಊರು ಅವರದು. ಬಹ್ರೇನಿನಲ್ಲಿ ಶುಕ್ರವಾರ ಸಂಜೆಯಾದಾಗ ಅಲ್ಲಿ ಬೆಳಗು. ಗಲ್ಫಿನ ಸಹೋದರರಿಗೆಂದೇ ವಾರಕ್ಕೊಂದು ಗಂಟೆ ಮೀಸಲಿಟ್ಟಿದ್ದರು. ಬೆನ್ನ ಹಿಂದೆ ಗೋಡೆಯಗಲದ ಅಮೆರಿಕದ ಬಾವುಟ, ಅದರ ಮುಂದೆ ಮರದ ಶಿಲುಬೆ. ಸಭೆ ಶುರುವಾಗುವಾಗ ಅಲ್ಲಿಯವರು ಬಾವುಟಕ್ಕೆ ಎದ್ದು ನಿಂತರೆ, ಇಲ್ಲಿ ಟುಬ್ಲಿಯ ಗ್ಯಾರೇಜಿನ ಮೇಲಿನ ಹಾಲಿನಲ್ಲಿ ಉಡುಪಿ, ಮುಲ್ಕಿ, ಗದಗಿನ ಜನ ಎದೆಯ ಮೇಲೆ ಕೈಯಿಟ್ಟು ಎದ್ದು ನಿಲ್ಲುತ್ತಿದ್ದರು. ತಮ್ಮೂರಿನ ಪಂಚಾಯತಿಗೆ ಒಂದು ಸಲವೂ ವೋಟು ಹಾಕದವರು ಅಮೆರಿಕದ ಚುನಾವಣೆಗೆ ಉಪವಾಸ ಕೂತರು. ಆ ಉಪವಾಸದ ಮುಂದಾಳು ಆಶಾಲತಾಳ ಗಂಡ ವಸಂತಕುಮಾರ. ಅವನಿಗೆ ಅಮೆರಿಕದವರು ಎರಡು ಸಲ ವೀಸಾ ಇಲ್ಲವೆಂದು ಕಳಿಸಿದ್ದರು. ಅಲ್ಲೇ ಜುಫೈರಿನ ಬಂದರಿನಲ್ಲಿ ನಿಂತ ಅಮೆರಿಕದ ಯುದ್ಧನೌಕೆಗಳಿಗೆ ಮಾತ್ರ ಅವನು ಪ್ರಾರ್ಥನೆಯಲ್ಲಿ "ನಮ್ಮ ಹಡಗುಗಳು" ಎನ್ನುತ್ತಿದ್ದ.

ವಸಂತಕುಮಾರ ಅಸ್ಕರಿನ ಕಡೆ ಕಾರ್ಖಾನೆಯೊಂದರಲ್ಲಿ ಕ್ರೇನುಗಳ ಮೇಲ್ವಿಚಾರಕ. ಒಳ್ಳೆಯ ಕೆಲಸಗಾರ, ಕಂಠ ಚೆನ್ನಾಗಿತ್ತು, ಕೈ ಧಾರಾಳ. ಮೊದಲು ಇವರೆಲ್ಲ ಮನಾಮದ ದೊಡ್ಡ ಚರ್ಚಿನ ಆವರಣದಲ್ಲೇ ಕನ್ನಡ ಆರಾಧನೆಗೆ ಸೇರುತ್ತಿದ್ದರು. ಬ್ರದರ್ ವೇನ್ ಅವರ ವಿಡಿಯೋ ಹಾಕಬಾರದೆಂದು ಅಲ್ಲಿಯ ಹಿರಿಯರು ಹೇಳಿದ್ದಕ್ಕೆ ವಸಂತಕುಮಾರ ಸಿಡಿದು, ತನ್ನ ಹಿಂದೆ ಬಂದಷ್ಟು ಮನೆಯವರನ್ನು ಕರೆದುಕೊಂಡು ಹೊರಬಿದ್ದ. ಹಿರಿಯರೂ ಆ ಗುಟ್ಟಿನ ಕೂಟಕ್ಕೆ ಸೇರಿದವರೇ ಎಂದು ಆಮೇಲೆ ಅವನಿಗೆ ಖಾತ್ರಿಯಾಯಿತು. ಜಾಗ ಕೊಟ್ಟವರು ಗ್ಯಾರೇಜಿನ ಸುಲೈಮಾನ್, ಉಳ್ಳಾಲದ ಬ್ಯಾರಿ. ದೇವರ ಹೆಸರು ಹೇಳಲಿಕ್ಕೆ ಬಾಡಿಗೆ ಎಂತಕ್ಕೆ ಎಂದು ಬೀಗದ ಕೈ ಕೊಟ್ಟುಬಿಟ್ಟಿದ್ದರು. ಅಲ್ಲಿ ಸಭೆ ಸೇರಲು ಸರಕಾರದ ಅನುಮತಿ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅದೇ ಸುಲೈಮಾನರ ಮತದವರೆಲ್ಲ ಸೈತಾನನ ಸೈನ್ಯ ಎಂದು ಬ್ರದರ್ ವೇನ್ ಒಂದು ಶುಕ್ರವಾರ ಅಬ್ಬರಿಸುವಾಗ ಸುಲೈಮಾನರೇ ಸಮೋಸದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಶಾಲತಾ ಬೆವರಿ, "ನಮಗೆ ಆಶ್ರಯ ಕೊಟ್ಟವರನ್ನು ದೇವರು ಆಶೀರ್ವದಿಸಲಿ" ಎಂದಳು. ಸುಲೈಮಾನರಿಗೆ ಇಂಗ್ಲಿಷ್ ಎಷ್ಟು ತಿಳಿಯಿತೋ, ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಇಳಿದುಹೋದರು.

ಅವಳು ಗಂಡನೊಂದಿಗೆ ವಾದಿಸಲಿಲ್ಲವೆಂದಲ್ಲ. ಮನೆಯಲ್ಲಿ ತುಳು ಮಾತಾಡುವ ಆ ಇಬ್ಬರೂ ದೇವರ ವಿಷಯ ಬಂದರೆ ಕನ್ನಡಕ್ಕೆ ಹೊರಳುತ್ತಿದ್ದರು, ಸಭೆಯಿಂದ ಬಂದ ಅಭ್ಯಾಸ. ಒಂದು ಸಂಜೆ ಕಾರಿನಲ್ಲಿ ಅವಳು ಕನ್ನಡದಲ್ಲೇ ಕೇಳಿದಳು. "ಅಮೆರಿಕ ನಮ್ಮ ಧರ್ಮದ್ದು, ಬೇರೆಯವರು ತಗ್ಗಿ ಇರಬೇಕು ಅಂತ ಬ್ರದರ್ ವೇನ್ ಹೇಳುದು. ಊರಲ್ಲಿ ಇದೇ ಮಾತು ಬೇರೆಯವರು ನಮಗೆ ಹೇಳಿದ್ರೆ ನಾವು ಬಾಗಿಲು ಹಾಕಿ ಅಳ್ತೇವೆ. ಇಲ್ಲಿ ಕೂತು ಆಮೆನ್ ಹೇಳುದಾ?"

"ಅದು ಬೇರೆ, ಇದು ಬೇರೆ," ಎಂದ ವಸಂತಕುಮಾರ. ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಮಗಳು ನಿಖಿತಾ ಹನ್ನೆರಡನೇ ಕ್ಲಾಸಿನವಳು. ಮನೆಗೆ ಬಂದಮೇಲೆ ಅವಳು ತಾಯಿಯ ಹಿಂದೆಯೇ ಅಡುಗೆಮನೆಗೆ ಬಂದಳು. "ಅಮ್ಮಾ, ಬ್ರದರ್ ವೇನ್ ನೆವರ್ ಸೇಯ್ಸ್ ದಟ್. ನೀನು ಕನ್ನಡದಲ್ಲಿ ಹೇಳುದೇ ಬೇರೆ. ಯು ಆರ್ ಮೇಕಿಂಗ್ ಹಿಮ್ ನೈಸ್." ಆಶಾಲತಾ ಈರುಳ್ಳಿ ಹೆಚ್ಚುತ್ತ, ಬೇರೆಯವರ ಮನಸ್ಸು ಹಾಳಾಗಬಾರದಲ್ಲ ಅಂದಳು. ಹಾಗಾದರೆ ನಿಲ್ಲಿಸಿಬಿಡು, ಮೈಕು ಕೆಳಗಿಡು ಎಂದಳು ಹುಡುಗಿ. ಅದು ಅಷ್ಟು ಸುಲಭವಾಗಿದ್ದರೆ ಎಂದು ತಾಯಿ ಮನಸ್ಸಿನಲ್ಲೇ ಬೈದುಕೊಂಡಳು. ಮೈಕು ಕೆಳಗಿಟ್ಟರೆ ಅದನ್ನು ಎತ್ತಿಕೊಳ್ಳುವವನು ವಸಂತಕುಮಾರ. ತಾನು ಇರುವಷ್ಟು ದಿನ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಅವಳು ಎಣಿಸಿದ್ದಳು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಆ ಮೂವತ್ತು ಮಂದಿ ಅವಳ ಮುಖ ನೋಡುವ ಆ ಗಳಿಗೆ ಅವಳಿಗೆ ಇಷ್ಟವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಇಂಗ್ಲಿಷಿನಲ್ಲೋ ಹರಕು ಅರಬಿಯಲ್ಲೋ ಹೆಸರು ಕೇಳಿ ಟೋಕನ್ ಕೊಡುವವಳ ಮಾತನ್ನು ಜನ ಬಾಯಿಬಿಟ್ಟು ಕೇಳುವುದು ವಾರಕ್ಕೆ ಒಂದೇ ಗಂಟೆ.

ಚೆನ್ನಮ್ಮ ಸಿಕ್ಕಿದ್ದೂ ಆ ಕ್ಲಿನಿಕ್ಕಿನಲ್ಲೇ. ಗದಗ ಬೆಟಗೇರಿಯ ನೇಕಾರರ ಮನೆಯ ಹೆಣ್ಣು, ಹಳೆಯ ಮಿಶನ್ ಸಭೆಯವಳು, ಗಂಡ ಸತ್ತಮೇಲೆ ಮನೆಕೆಲಸಕ್ಕೆಂದು ಬಹ್ರೇನಿಗೆ ಬಂದು ಈಸಾ ಟೌನಿನ ಒಂದೇ ಮನೆಯಲ್ಲಿ ಹನ್ನೆರಡು ವರ್ಷ ಕಳೆದಿದ್ದಳು. ಆ ಮನೆಯ ಮುದುಕಿ ಉಮ್ ಯೂಸುಫ್‌ಗೆ ಜೋರಾದ ಸಕ್ಕರೆ ಕಾಯಿಲೆ. ಮಗ ಯೂಸುಫ್ ತಿಂಗಳಿಗೊಮ್ಮೆ ತಾಯಿಯನ್ನು ಕರೆತಂದಾಗ ಕೈ ಹಿಡಿದುಕೊಂಡು ಬರುತ್ತಿದ್ದವಳು ಚೆನ್ನಮ್ಮ. ಅವಳಿಗೆ ಓದು ಬರೆಹ ಬಾರದು, ಇಂಗ್ಲಿಷ್ ಬಾರದು, ಅಡುಗೆಮನೆಯ ಅರಬಿ ಮಾತ್ರ ನೀರು ಕುಡಿದಂತೆ. ಮುದುಕಿಗೆ ಅನ್ನ ಕಲಸಿ ತಿನ್ನಿಸುವುದು, ಕಾಲು ಒತ್ತುವುದು, ಬೆಳಿಗ್ಗೆ ಸಂಜೆ ಹೊಟ್ಟೆಗೆ ಇನ್ಸುಲಿನ್ ಚುಚ್ಚುವುದು ಎಲ್ಲ ಅವಳೇ. ಚುಚ್ಚುವುದನ್ನು ಕ್ಲಿನಿಕ್ಕಿನ ನರ್ಸ್ ಕಲಿಸಿದಾಗ ಅದನ್ನು ಕನ್ನಡ ಮಾಡಿ ಹೇಳಿದವಳು ಆಶಾಲತಾ. ಆ ದಿನವೇ ಅವಳು ಚೆನ್ನಮ್ಮನನ್ನು ಸಭೆಗೆ ಕರೆದದ್ದು. ಇಷ್ಟು ವರ್ಷಗಳಲ್ಲಿ ಕನ್ನಡದಲ್ಲಿ ದೇವರ ಮಾತು ಕೇಳಿರಲಿಲ್ಲವೆಂದು ಚೆನ್ನಮ್ಮ ಮೊದಲ ಶುಕ್ರವಾರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಚರ್ಚಿಗೆ ಹೋಗುತ್ತೇನೆಂದರೆ ಯೂಸುಫ್ ಬೇಡವೆನ್ನಲಿಲ್ಲ. ಯಾವ ಚರ್ಚು ಎಂದು ಕೇಳಲಿಲ್ಲ.

ಬ್ರದರ್ ವೇನ್ ಎಂದರೆ ಚೆನ್ನಮ್ಮನಿಗೆ ಪಂಚಪ್ರಾಣ. ಅವರ ಮಾತಿನಲ್ಲಿ ತಾಯಿಯ ಕರುಳಿದೆ ಎನ್ನುತ್ತಿದ್ದಳು. ಆಶಾಲತಾ ಅದನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದಳು, ಆಮೇಲೆ ನಾಚುತ್ತಿದ್ದಳು.

ಒಂದು ಶುಕ್ರವಾರ ಕ್ಲಿನಿಕ್ಕಿನಲ್ಲಿ ಜೊತೆಯವಳು ರಜೆ ಹಾಕಿದ್ದರಿಂದ ಆಶಾಲತಾ ಸಂಜೆಯೂ ಕೂರಬೇಕಾಯಿತು. ತರ್ಜುಮೆಗೆ ವಸಂತಕುಮಾರನೇ ನಿಂತ. ಮನೆಗೆ ಬಂದಾಗ ಅವನ ಮುಖ ಅರಳಿತ್ತು. ಇವತ್ತು ಬೆಂಕಿಯೇ ಇಳಿಯಿತು, ನೀನು ಮಾಡುವ ತರ್ಜುಮೆಗೆ ಖಾರ ಸಾಲದು ಎಂದ. ಏನು ಪ್ರಸಂಗವೆಂದು ಕೇಳಿದರೆ, ಔಷಧಿಗಳದ್ದು ಎಂದ. ದಿನನಿತ್ಯ ಮೈಗೆ ಚುಚ್ಚಿಸಿಕೊಳ್ಳುವ ಮದ್ದುಗಳೊಳಗೆ ಆ ಗುಟ್ಟಿನ ಕೂಟದವರು ಸೈತಾನನ ಗುರುತನ್ನು ಸೇರಿಸುತ್ತಿದ್ದಾರೆ, ನೀವು ಪ್ರೀತಿಸುವವರನ್ನು ಅದರಿಂದ ಬಿಡಿಸಿಕೊಳ್ಳಿ ಎಂದು ಬ್ರದರ್ ವೇನ್ ಕಣ್ಣೀರು ಹಾಕಿದರಂತೆ. ಹೇಳುತ್ತಲೇ ವಸಂತಕುಮಾರ ಫ್ರಿಜ್ಜಿನ ಮೇಲಿನ ಡಬ್ಬಿ ತೆಗೆದು ತನ್ನ ಬೀಪಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ.

"ನಿಮ್ಮ ಮಾತ್ರೆಯಲ್ಲಿ ಗುರುತು ಇಲ್ವಾ?" ಎಂದಳು ಆಶಾಲತಾ.

"ಇದು ಚುಚ್ಚುದಲ್ಲ," ಎಂದ ಅವನು, ನಗದೆ.

ಚೆನ್ನಮ್ಮನಿಗೆ ಒಂದು ಫೋನು ಮಾಡಬೇಕೆಂದು ಅವಳಿಗೆ ಅನ್ನಿಸಿತು. ಆದರೆ ಕಾಲು ನೋಯುತ್ತಿತ್ತು, ಚಪಾತಿ ಹಿಟ್ಟು ನಾದಿಡಬೇಕಿತ್ತು, ಮರುದಿನ ಮಾಡಿದರಾಯಿತೆಂದುಕೊಂಡಳು. ಮರುದಿನ ಮರೆತಳು. ಮುಂದಿನ ಶುಕ್ರವಾರದ ಸಭೆಗೆ ಚೆನ್ನಮ್ಮ ಬರಲಿಲ್ಲ. ಮುದುಕಿಗೆ ಹುಷಾರಿಲ್ಲವಂತೆ ಎಂದು ಯಾರೋ ಹೇಳಿದರು, ಎಲ್ಲರೂ ಪ್ರಾರ್ಥಿಸಿದರು.

ಅದಾದ ಮೂರನೆಯ ದಿನ ಕ್ಲಿನಿಕ್ಕಿಗೆ ಯೂಸುಫ್ ಫೋನು ಮಾಡಿದ. ತಾಯಿ ಐಸಿಯುನಲ್ಲಿದ್ದಾಳೆ, ಇನ್ನೂ ಕಣ್ಣು ಬಿಟ್ಟಿಲ್ಲ, ಒಂದು ವಾರದಿಂದ ಇನ್ಸುಲಿನ್ ಹೋಗೇ ಇಲ್ಲವೆಂದು ಡಾಕ್ಟರು ಹೇಳುತ್ತಿದ್ದಾರೆ ಎಂದ. ಕಸದ ಚೀಲದಲ್ಲಿ ಬಳಸದ ಸೂಜಿಪೆನ್ನುಗಳು ಸಿಕ್ಕಿದವು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದ್ದರು. ಚೆನ್ನಮ್ಮ ಠಾಣೆಯಲ್ಲಿದ್ದಾಳೆ, ಹೆದರಿಕೆಗೆ ಅರಬಿಯ ಒಂದಕ್ಷರವನ್ನೂ ಆಡುತ್ತಿಲ್ಲ, ಕನ್ನಡದಲ್ಲಿ ಮಾತ್ರ ಏನೋ ಹೇಳುತ್ತಿದ್ದಾಳೆ, ಕನ್ನಡ ಬಲ್ಲವರು ಠಾಣೆಯಲ್ಲಿ ಯಾರೂ ಇಲ್ಲ, ದಯವಿಟ್ಟು ನೀವು ಬರಬೇಕು ಸಿಸ್ಟರ್ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆಶಾಲತಾಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ವಸಂತಕುಮಾರ ಕೆಲಸದಿಂದ ಅರ್ಧಕ್ಕೇ ಬಂದು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡ. ದಾರಿಯುದ್ದಕ್ಕೂ ಅವನೇ ಮಾತಾಡಿದ. ಇದು ಅವರದ್ದೇ ಕೆಲಸ, ಚೆನ್ನಮ್ಮನಂಥ ಪಾಪದವಳನ್ನು ಸಿಕ್ಕಿಸಿ ನಮ್ಮ ಸಭೆಯನ್ನು ಮುಗಿಸುವ ಉಪಾಯ, ಬ್ರದರ್ ವೇನ್ ಹೀಗಾಗುತ್ತದೆಂದು ಮೊದಲೇ ಹೇಳಿದ್ದರು, ನಿಜವಾದ ವಿಶ್ವಾಸಿಗಳನ್ನು ಸೆರೆಮನೆಗೆ ಒಯ್ಯುತ್ತಾರೆಂದು. ಆಶಾಲತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೆರೆಮನೆಗೆ ಹೋದವಳು ಚೆನ್ನಮ್ಮ, ಕಾರಿನಲ್ಲಿ ಏಸಿ ಹಾಕಿಕೊಂಡು ಕೂತವನು ಹುತಾತ್ಮನಾಗುತ್ತಿದ್ದ. ಅವಳಿಗೆ ಗಂಡನ ಮೇಲೆ ಅಸಹ್ಯ ಹುಟ್ಟಿತು, ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ.

ಠಾಣೆಯ ಎದುರಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಿ ಅವನು ಸ್ಟಿಯರಿಂಗ್ ಬಿಡಲಿಲ್ಲ.

"ಆಶಾ, ಸಭೆಯ ಹೆಸರು ಬರಬಾರದು," ಎಂದ, ಈಗ ತುಳುವಿನಲ್ಲಿ, ದೇವರನ್ನು ಬಿಟ್ಟು ಮನೆಯ ಭಾಷೆಗಿಳಿದು. ಬಂದರೆ ಮೊದಲು ಸುಲೈಮಾನರನ್ನು ಕರೆಯುತ್ತಾರೆ, ಆಮೇಲೆ ನನ್ನನ್ನು, ಮೂವತ್ತು ಮಂದಿಯ ಅನ್ನ ಹೋಗುತ್ತದೆ, ನಿಖಿತಾಳ ಪರೀಕ್ಷೆಗೆ ಇನ್ನು ತಿಂಗಳಿದೆ, ನಮ್ಮನ್ನು ವಿಮಾನ ಹತ್ತಿಸಿದರೆ ಹುಡುಗಿಯ ವರ್ಷ ಹಾಳು ಎಂದ. ಅವೆಲ್ಲವೂ ನಿಜವಾಗಿದ್ದವು. ಅವನು ವರ್ಷಗಟ್ಟಲೆ ಆಡಿದ ಮಾತುಗಳಲ್ಲಿ ಅಷ್ಟು ನಿಜವಾದ ಮಾತು ಅವಳು ಕೇಳಿರಲಿಲ್ಲ.

"ಚೆನ್ನಮ್ಮ?" ಎಂದಳು.

"ಅವಳಿಗೆ ಆಗುವುದು ಹೇಗೂ ಆಗಿಯೇ ಆಗುತ್ತದೆ," ಎಂದ.

ಠಾಣೆಯ ಒಳಗೆ ಚಳಿ ಹುಟ್ಟಿಸುವಷ್ಟು ತಂಪು. ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಕಂಪ್ಯೂಟರಿಗೆ ಬರೆದುಕೊಳ್ಳುವ ಹುಡುಗಿ, ಗೋಡೆಗೆ ಒರಗಿ ಯೂಸುಫ್. ಅಧಿಕಾರಿ ಎದ್ದು ನಿಂತು ಆಶಾಲತಾಳಿಗೆ ಕುರ್ಚಿ ತೋರಿಸಿದ. ಚೆನ್ನಾಗಿ ಇಂಗ್ಲಿಷ್ ಮಾತಾಡುವ, ವಯಸ್ಸಾದ ಸಾವಧಾನದ ಮನುಷ್ಯ. ಆ ಹೆಂಗಸು ಹೇಳಿದ್ದನ್ನು ಹೇಳಿದಂತೆಯೇ ಹೇಳಬೇಕು, ಕೂಡಿಸಬಾರದು, ಕಳೆಯಬಾರದು, ದೇವರ ಮೇಲೆ ಪ್ರಮಾಣ ಮಾಡಿ ಎಂದ. ಆಶಾಲತಾ ಮಾಡಿದಳು.

ಚೆನ್ನಮ್ಮನನ್ನು ಕರೆತಂದರು. ಎರಡು ವಾರದಲ್ಲಿ ಅವಳು ಅರ್ಧವಾಗಿದ್ದಳು. ಆಶಾಲತಾಳನ್ನು ಕಂಡದ್ದೇ ತಡ, ಅವಳ ಮುಖ ಸಭೆಯಲ್ಲಿ ಅರಳುತ್ತಿದ್ದ ಹಾಗೆಯೇ ಅರಳಿತು.

"ಬಂದ್ರೇನ್ರಿ ಅವ್ವಾರ, ಈಗ ಜೀವ ಬಂತು. ಮುದುಕಿ ಹೆಂಗದಾಳ್ರಿ? ಯಾರೂ ಹೇಳವಲ್ರು."

ಕಣ್ಣು ಬಿಟ್ಟಿಲ್ಲವೆಂದು ಆಶಾಲತಾ ಹೇಳಿದಳು. ಚೆನ್ನಮ್ಮ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಇನ್ಸುಲಿನ್ ಯಾಕೆ ಕೊಡಲಿಲ್ಲ, ಕೇಳಿ ಎಂದ ಅಧಿಕಾರಿ. ಆಶಾಲತಾ ಕೇಳಿದಳು.

"ನಾ ಸುಳ್ಳು ಹೇಳೂದಿಲ್ರಿ," ಎಂದು ಚೆನ್ನಮ್ಮ ಶುರು ಮಾಡಿದಳು. "ಬ್ರದರ್ ಹೇಳಿದ್ರಲ್ರಿ, ಆ ಸೂಜಿಯೊಳಗ ಸೈತಾನನ ಗುರುತು ಹಾಕಿ ಇಟ್ಟಾರ, ಯಾರ ಮ್ಯಾಲ ನಿಮಗ ಪ್ರೀತಿ ಐತಿ ಅವರ್ನ ಬಿಡಿಸ್ಕೋರಿ ಅಂತ. ನನಗ ಈ ಊರಾಗ ಪ್ರೀತಿ ಅಂದ್ರ ಆ ಮುದುಕಿ ಒಬ್ಬಾಕಿನ. ಸೂಜಿ ಕಸದಾಗ ಒಗದೆ. ದಿನಾ ಸೂಜಿ ಹೊತ್ತಿಗೆ ಅಕಿ ತಲಿಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡೀನಿ. ಚುಚ್ಚಿದೇನು ಅಂತ ಕೇಳತಿದ್ಲು. ಚುಚ್ಚೀನಿ ಅಂತಿದ್ದೆ. ಅದೊಂದು ಸುಳ್ಳು ಹೇಳೀನ್ರಿ, ಅದನ್ನೂ ಬರಕೊಳ್ಳಾಕ ಹೇಳ್ರಿ."

ಕೇಳಬೇಕಾಗಿರದ ಪ್ರಶ್ನೆಯನ್ನು ಆಶಾಲತಾ ತನಗಾಗಿಯೇ ಕೇಳಿದಳು. "ಅವರು ಹೇಳಿದ್ದು ಅಂತ ಹಾಗೆಯೇ ನಂಬಿದ್ದಾ ಚೆನ್ನಮ್ಮ?"

"ಇಷ್ಟು ದಿನಾ ಅವರು ಹೇಳಿದ್ದೆಲ್ಲಾ ಒಳ್ಳೇದ ಇತ್ತಲ್ರಿ ಅವ್ವಾರ. ಎಲ್ಲಾರ್ನೂ ಪ್ರೀತಿ ಮಾಡ್ರಿ, ಕೆಡುಕು ನಮ್ಮ ಎದಿಯೊಳಗ ಐತಿ ಅಂತ. ನಿಮ್ಮ ಬಾಯಿಲೇ ಕೇಳೀನಲ್ರಿ. ಅಂಥಾ ಮನಷ್ಯಾ ಕೆಟ್ಟದ್ದು ಹೇಳ್ತಾನೇನ್ರಿ?"

ಆಶಾಲತಾ ಮೇಜಿನ ಅಂಚನ್ನು ಹಿಡಿದುಕೊಂಡಳು. ಬ್ರದರ್ ವೇನ್ ಅವರ ವಿಷ ಚೆನ್ನಮ್ಮನ ಗಂಟಲಲ್ಲಿ ಇಳಿದದ್ದು ತಾನು ಬೆರೆಸಿದ ಬೆಲ್ಲದಿಂದ. ಖಾರವಾಗಿಯೇ ಹೇಳಿದ್ದರೆ ಇವಳು ಎರಡನೇ ಶುಕ್ರವಾರವೇ ಎದ್ದು ಹೋಗುತ್ತಿದ್ದಳು. ಅದು ಅವಳಿಗೆ ಅಲ್ಲೇ, ಆ ತಣ್ಣನೆಯ ಕೋಣೆಯಲ್ಲೇ, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದರೂ ಹೊರಗೆ ಕಾರಿತ್ತು, ಕಾರಿನಲ್ಲಿ ಗಂಡನಿದ್ದ, ಮನೆಯಲ್ಲಿ ಪರೀಕ್ಷೆಗೆ ಓದುವ ಮಗಳಿದ್ದಳು.

ಏನು ಹೇಳಿದಳು ಎಂದು ಅಧಿಕಾರಿ ಕೇಳಿದ.

"ಮರೆತೆ ಅನ್ನುತ್ತಾಳೆ," ಎಂದಳು ಆಶಾಲತಾ ಇಂಗ್ಲಿಷಿನಲ್ಲಿ.

ಅಧಿಕಾರಿ ಹುಬ್ಬೇರಿಸಿದ. ಇಷ್ಟು ಉದ್ದಕ್ಕೆ ಮಾತಾಡಿದ್ದು ಒಂದೇ ಪದವೇ ಎಂದ. ಒಂದು ಸುಳ್ಳಿಗೆ ಇನ್ನೊಂದು ಆಸರೆ ಬೇಕು. ವಯಸ್ಸಾಯಿತು ಅವಳಿಗೆ, ಓದು ಬರುವುದಿಲ್ಲ, ಸೂಜಿಪೆನ್ನಿನ ಮೇಲಿನ ಅಂಕಿ ಗೊತ್ತಾಗುವುದಿಲ್ಲ, ಒಂದೆರಡು ದಿನ ತಪ್ಪಿತು, ಆಮೇಲೆ ಹೇಳಲು ಹೆದರಿ ಕಸಕ್ಕೆ ಹಾಕಿದಳು ಎಂದು ಆಶಾಲತಾ ಹೇಳುತ್ತ ಹೋದಳು. ಎಷ್ಟೋ ವರ್ಷ ಮಾತನ್ನು ಮೆತ್ತಗೆ ಮಾಡಿ ರೂಢಿಯಾದ ನಾಲಗೆ ಎಲ್ಲೂ ತಡವರಿಸಲಿಲ್ಲ. ಇದರಿಂದ ಚೆನ್ನಮ್ಮನಿಗೂ ಶಿಕ್ಷೆ ಕಡಿಮೆಯಾದೀತೆಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಆಗುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಗೋಡೆಗೆ ಒರಗಿದ್ದ ಯೂಸುಫ್ ಮುಂದೆ ಬಂದ. "ಹೆದರಿದಳಾ? ನನಗೆ?" ಎಂದ, ಇಂಗ್ಲಿಷಿನಲ್ಲಿ, ತೀರ ತಗ್ಗಿದ ದನಿಯಲ್ಲಿ. "ಹನ್ನೆರಡು ವರ್ಷದಲ್ಲಿ ನಾನು ಅವಳಿಗೆ ಒಂದು ದಿನ ಗದರಿಸಿದ್ದಿಲ್ಲ. ನನ್ನ ತಾಯಿ ನನ್ನ ಕೈಯಿಂದ ತಿನ್ನುವುದಿಲ್ಲ, ಇವಳ ಕೈಯಿಂದ ತಿನ್ನುತ್ತಾಳೆ. ಅಮ್ಮನ ಮೇಲೆ ಅಷ್ಟೂ ಕಾಳಜಿ ಇರಲಿಲ್ಲವಾ ಎಂದು ಕೇಳಿ ಸಿಸ್ಟರ್. ನನಗೆ ಅದೊಂದು ಗೊತ್ತಾಗಬೇಕು."

ಆಶಾಲತಾ ಕೇಳಲಿಲ್ಲ. ಅಧಿಕಾರಿ ಅಷ್ಟರಲ್ಲಿ ಕಂಪ್ಯೂಟರಿನ ಹುಡುಗಿಯ ಕಡೆ ತಿರುಗಿ ಅರಬಿಯಲ್ಲಿ ನಿಧಾನವಾಗಿ ಹೇಳಿ ಬರೆಸತೊಡಗಿದ್ದ. ಅವಳು ಮರೆತಳು, ಸೂಜಿಪೆನ್ನಿನ ಅಂಕಿ ಓದಲು ಬರಲಿಲ್ಲ, ಹೆದರಿ ಬಚ್ಚಿಟ್ಟಳು. ಚೆನ್ನಮ್ಮನ ತಲೆ ಮೇಲೆದ್ದಿತು. ಅವಳು ಅಧಿಕಾರಿಯ ಬಾಯಿಯನ್ನೇ ನೋಡಿದಳು. ಪ್ರತಿಯೊಂದು ಪದವೂ ಅವಳ ಅಡುಗೆಮನೆಯ ಪದವೇ. ಮರೆವು, ಹೆದರಿಕೆ, ಬಚ್ಚಿಡುವುದು, ಇವೆಲ್ಲ ಆ ಮನೆಯ ಮಕ್ಕಳನ್ನು ಬೈಯುವಾಗ ಅವಳೇ ಆಡಿದ ಮಾತುಗಳು. ಆಮೇಲೆ ಅವಳು ನಿಧಾನವಾಗಿ ಆಶಾಲತಾಳ ಕಡೆ ತಿರುಗಿದಳು.

"ಅವ್ವಾರ," ಎಂದಳು. "ನಾ ಹೇಳಿದ್ದು ನೀವು ಹೇಳಲಿಲ್ಲ."

ಆಶಾಲತಾ ತುಟಿ ಅಲ್ಲಾಡಿಸಿದಳು. ಸುಲೈಮಾನ್, ಸಭೆ, ನಿಖಿತಾ ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು, ಮೂವತ್ತು ಮಂದಿ ಎಂದಳು. ಅದು ವಿವರಣೆಯಾಗಿತ್ತೋ ಬೇಡಿಕೊಂಡದ್ದೋ ಅವಳಿಗೇ ತಿಳಿಯಲಿಲ್ಲ. ಚೆನ್ನಮ್ಮ ಕೇಳಿಸಿಕೊಂಡಳು. ಸಭೆಯಲ್ಲಿ ಅವಳನ್ನು ನೋಡುತ್ತಿದ್ದ ಕಣ್ಣುಗಳಿಂದಲೇ ನೋಡಿದಳು, ಆದರೆ ಅದರಲ್ಲಿ ಈಗ ಏನೂ ಇರಲಿಲ್ಲ.

ಈಗ ಏನು ಹೇಳುತ್ತಿದ್ದಾಳೆ ಎಂದ ಅಧಿಕಾರಿ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆಶಾಲತಾಳ ನಾಲಗೆ ಕೈಕೊಟ್ಟಿತು. ಅಧಿಕಾರಿ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ.

ಚೆನ್ನಮ್ಮ ಯೂಸುಫನ ಕಡೆ ತಿರುಗಿದಳು. ಠಾಣೆಗೆ ಬಂದಮೇಲೆ ಮೊದಲ ಸಲ ಅರಬಿಯಲ್ಲಿ ಮಾತಾಡಿದಳು.

"ನಸೀತ್," ಎಂದಳು. ಮರೆತೆ ಎಂದು. "ನಸೀತ್, ಯೂಸುಫ್."

ಯೂಸುಫ್ ಕಣ್ಣು ಮುಚ್ಚಿದ. ಅಧಿಕಾರಿ ತಲೆಯಾಡಿಸಿದ, ಹುಡುಗಿ ಬರೆದುಕೊಂಡಳು. ಕಾಗದ ಹೊರಬಂದಿತು. ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಓದಿ, ಆಶಾಲತಾ ಕನ್ನಡದಲ್ಲಿ ಹೇಳಬೇಕಿತ್ತು, ಬೇಡವೆಂದು ಚೆನ್ನಮ್ಮ ಕೈಯಾಡಿಸಿದಳು. ಸಹಿ ಬಾರದವಳೆಂದು ಶಾಯಿಯ ಡಬ್ಬಿ ತಂದರು. ಹೆಬ್ಬೆಟ್ಟು ಒತ್ತಿದಳು, ಎರಡು ಕಡೆ. ತರ್ಜುಮೆ ಸರಿಯಾಗಿದೆಯೆಂದು ಕೆಳಗೆ ಆಶಾಲತಾ ಸಹಿ ಹಾಕಿದಳು. ಮುಂದೇನು ಎಂದು ಕೇಳಿದ್ದಕ್ಕೆ ಅಧಿಕಾರಿ, ಮುದುಕಿ ಉಳಿದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು, ಎರಡರಲ್ಲೂ ಇವಳು ಕೊನೆಗೆ ಈ ದೇಶ ಬಿಡಬೇಕಾದೀತು ಎಂದ. ನೀವು ಹೊರಡಬಹುದು, ಉಪಕಾರವಾಯಿತು ಎಂದ.

ಯೂಸುಫ್ ಬಾಗಿಲ ಬಳಿ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟಿದ್ದ. ಅದರಿಂದ ಚೆನ್ನಮ್ಮನ ಬೂದುಬಣ್ಣದ ಸ್ವೆಟರ್ ತೆಗೆದ. ಮನೆಯಿಂದ ಬರುವಾಗ ನೆನಪಿಟ್ಟು ತಂದಿದ್ದಿರಬೇಕು. ಅದನ್ನು ಚೆನ್ನಮ್ಮನ ಕೈಗೆ ಕೊಡದೆ, ಅವಳ ಮುಖ ನೋಡದೆ, ಮೇಜಿನ ಮೇಲಿಟ್ಟ. ಇಲ್ಲಿ ತುಂಬಾ ಚಳಿ, ಹಾಕಿಕೊಳ್ಳಲು ಹೇಳಿ ಎಂದು ಆಶಾಲತಾಳಿಗೆ ಅರಬಿಯಲ್ಲಿ ಹೇಳಿದ.

ಆಶಾಲತಾ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚೆನ್ನಮ್ಮ ಸ್ವೆಟರಿನ ಒಂದು ತೋಳಿಗೆ ಕೈ ತೂರಿಸಿಯಾಗಿತ್ತು. ಇನ್ನೊಂದು ತೋಳು ಸಿಗದೆ ಬೆನ್ನ ಹಿಂದೆ ತಡಕಾಡುತ್ತಿದ್ದಳು, ಶಾಯಿ ಉಣ್ಣೆಗೆ ತಗುಲದಂತೆ ಹೆಬ್ಬೆರಳನ್ನು ಮಾತ್ರ ಮೇಲೆತ್ತಿ ಹಿಡಿದುಕೊಂಡು.